ಜೇನುಬಣ್ಣದ ಬಾಗಿಲು

ವರ್ಲನ್ ಸ್ಟಿಡಮ್‌ನ ಶೆಡ್ಡಿಗೆ ಬರುವ ಗಂಡಸರು ಚರ್ಚಿನಲ್ಲಿ ಟೋಪಿ ತೆಗೆಯುತ್ತಾರೋ ಇಲ್ಲವೋ ದೇವರಿಗೇ ಗೊತ್ತು, ಇಲ್ಲಿ ಮಾತ್ರ ಬಾಗಿಲಲ್ಲೇ ನಿಂತು ಬೆಲ್ಟಿನ ಬಕಲನ್ನು ಸೊಂಟದ ಪಕ್ಕಕ್ಕೆ ತಿರುಗಿಸಿಕೊಂಡೇ ಒಳಗೆ ಬರುತ್ತಾರೆ. ಬೇಕರ್ಸ್‌ಫೀಲ್ಡಿನ ಗಂಡಸರ ಬಕಲೆಂದರೆ ಸಾಮಾನ್ಯವಲ್ಲ. ಸಾಸರಿನಷ್ಟು ಅಗಲ, ಅದರ ತುಂಬ ಕುದುರೆ, ಗೂಳಿ, ಹದ್ದು. ಅದನ್ನು ಹೊಟ್ಟೆಯ ಮೇಲಿಟ್ಟುಕೊಂಡು ಹೊಸ ಪೇಂಟಿನ ಮೇಲೆ ಒಮ್ಮೆ ಬಗ್ಗಿದರೆ ತಿಂಗಳುಗಟ್ಟಲೆ ಮಾಡಿದ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ. ಹೊಸಬರಿಗೆ ವರ್ಲನ್ ಬಾಯಿಬಿಟ್ಟು ಹೇಳುವುದೂ ಇಲ್ಲ. ಅವರ ಹೊಟ್ಟೆಯನ್ನೇ ದುರುಗುಟ್ಟಿ ನೋಡುತ್ತಾನೆ. ಅವರೇ ಗಾಬರಿಯಾಗಿ ಏನಾಗಿದೆಯೆಂದು ತಡವಿಕೊಳ್ಳುತ್ತಾರೆ.

ಆ ಬುಧವಾರ ಬಕಲು ತಿರುಗಿಸಲು ಮರೆತವನು ಹೊಸಬನಲ್ಲ. ಕಾರಿನ ಯಜಮಾನ, ವರ್ಲನ್‌ನ ಹಳೆಯ ಗೆಳೆಯ ಆರ್ವಲ್ ಪೆಟಿಗ್ರೂ. ಬಾದಾಮಿ ತೋಟಗಳಿಗೆ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ಕೊಟ್ಟು ಬದುಕುವ ಮನುಷ್ಯ. ಸಾವಿರಾರು ಹುಳುಗಳ ನಡುವೆ ಬರಿಗೈಯಲ್ಲಿ ನಿಲ್ಲುವಷ್ಟು ಸಮಾಧಾನಿ. ಆದರೆ ಪೂರ್ತಿಯಾದ ತನ್ನ ಕಾರನ್ನು ಮೊದಲ ಸಲ ದೀಪದ ಕೆಳಗೆ ನೋಡಿದ್ದೇ ತಡ, ಸಮಾಧಾನ ಎಲ್ಲಿ ಹೋಯಿತೋ, ಓಡಿಬಂದು ಎರಡೂ ಕೈ ಚಾಚಿ ಕಾರನ್ನು ಅಪ್ಪಿಕೊಂಡ. ಕರ್ರೆಂದು ಸದ್ದಾಯಿತು. ಶೆಡ್ಡಿನಲ್ಲಿದ್ದ ಮೂವರೂ ಉಸಿರು ಹಿಡಿದರು. ಡ್ರೈವರ್ ಕಡೆಯ ಬಾಗಿಲಿನ ನಟ್ಟನಡುವೆ, ಹಾರುವ ಜೇನುಹುಳದ ಹೊಟ್ಟೆಯನ್ನು ಸೀಳಿಕೊಂಡು, ತಗಡು ಕಾಣುವಷ್ಟು ಆಳವಾದ ಗೀರು ಬಿದ್ದಿತ್ತು.

"ನನ್ನ ಕೊಂದ್ಹಾಕ್ಬಿಡು ವರ್ಲನ್," ಎಂದ ಆರ್ವಲ್. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಎಡಗೈಲಿ ಕೊಲ್ಲೋ ಅಭ್ಯಾಸ ಇಲ್ಲ ಕಣೋ," ಎಂದ ವರ್ಲನ್.

ಅವನ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಹಿಂದಿನ ವಾರ, ಕಾರಿನ ಕೊನೆಯ ಪದರ ಒಣಗಿದ ಮೇಲೆ, ಶೆಡ್ಡಿನ ಮೆಟ್ಟಿಲಲ್ಲಿ ಎಡಗಾಲು ಕೈಕೊಟ್ಟು ಬಿದ್ದಿದ್ದ. ಶನಿವಾರ ಬೆಳಿಗ್ಗೆ ಕಾರು ಫ್ರೆಸ್ನೋದ ಪ್ರದರ್ಶನದಲ್ಲಿ ನಿಲ್ಲಬೇಕು. ಸ್ಪ್ರೇ ಗನ್ ಹಿಡಿಯುವ ಕೈ ಪ್ಲಾಸ್ಟರಿನಲ್ಲಿ. ಇಬ್ಬರು ಮುದುಕರೂ ಮೆಲ್ಲಗೆ ತಿರುಗಿ ಮೂರನೆಯವಳ ಕಡೆ ನೋಡಿದರು. ಅವಳು ವರ್ಲನ್‌ನ ಮಗಳು ರೇಲೀನ್.

ಮೂವತ್ತು ದಾಟಿದ ರೇಲೀನ್ ಹದಿನೆಂಟರಿಂದ ಇದೇ ಶೆಡ್ಡಿನಲ್ಲಿ ಬೆವರು ಸುರಿಸಿದವಳು. ಉಜ್ಜುವುದು, ಟೇಪು ಹಚ್ಚುವುದು, ಕೂದಲೆಳೆಯಂಥ ಗೆರೆ ಎಳೆಯುವುದು, ಚಿತ್ರ ಬರೆಯುವುದು ಎಲ್ಲ ಅವಳದೇ. ಈ ಕಾರಿನ ಮೇಲಿನ ಒಂದೊಂದು ಜೇನುಹುಳವೂ ಅವಳ ಕೈಯದು. ಹಿಂಬದಿಯಲ್ಲಿ ಒತ್ತೊತ್ತಾಗಿ ಆರು ಮೂಲೆಯ ಗೂಡು, ಮುಂದಕ್ಕೆ ಬಂದಂತೆ ಗೂಡು ತೆಳುವಾಗಿ, ಬಾಗಿಲಿನ ಹತ್ತಿರ ಹುಳಗಳು ಎದ್ದು ಇಂಜಿನಿನ ಕಡೆಗೆ ಹಾರುತ್ತವೆ; ಅವುಗಳ ರೆಕ್ಕೆಗೆ ಬೆಳ್ಳಿಯ ಹಾಳೆ. ಒಳಗೆ ಹಳದಿ ಕಪ್ಪು ಪಟ್ಟೆಯ ಸೀಟು. ಗೇರಿನ ಗುಂಡಿಯೊಳಗೆ ಗಾಜಿನಂಥ ಅಂಟಿನಲ್ಲಿ ಹುದುಗಿಸಿದ ನಿಜವಾದ ಗಂಡುಹುಳ. "ಗೂಡಲ್ಲಿದ್ದಾಗ ಒಂದು ಕೆಲಸ ಮಾಡ್ಲಿಲ್ಲ ಬಡ್ಡಿಮಗ, ಇಲ್ಲಾದ್ರೂ ಗೇರ್ ಹಾಕ್ಲಿ," ಎಂದು ಆರ್ವಲ್ ಕೊಟ್ಟದ್ದು. ಕಾರಿನ ಹೆಸರು ರಾಣಿ. ೧೯೩೨ರ ಹಳೆಯ ಫೋರ್ಡು, ಮೇಲ್ಛಾವಣಿ ಕತ್ತರಿಸಿ ಕುಳ್ಳಗೆ ಮಾಡಿದ್ದು, ಇಂಜಿನಿಗೆ ಮುಚ್ಚಳವೇ ಇಲ್ಲದೆ ಹೊಳೆಯುವಂಥದ್ದು.

ಇಷ್ಟೆಲ್ಲ ಮಾಡುವವಳಿಗೆ ವರ್ಲನ್ ಒಂದು ಕೆಲಸವನ್ನು ಮಾತ್ರ ಇಂದಿನವರೆಗೆ ಬಿಟ್ಟುಕೊಟ್ಟಿರಲಿಲ್ಲ. ಚಿನ್ನದ ತಳಬಣ್ಣದ ಮೇಲೆ ಜೇನುಬಣ್ಣ ಹೊಡೆಯುವುದು. ಅದು ಗೋಡೆಗೆ ಬಳಿಯುವಂಥ ಬಣ್ಣವಲ್ಲ, ಒಳಗಿನದು ಕಾಣುವಂಥದ್ದು. ಪದರದ ಮೇಲೆ ಪದರ ಕೂತಂತೆ ಗಾಢವಾಗುತ್ತದೆ, ಸೀಸೆಯಲ್ಲಿ ಜೇನುತುಪ್ಪ ಏರಿದಂತೆ. ಒಂದು ಕಡೆ ಕೆಟ್ಟರೆ ಅಷ್ಟಕ್ಕೇ ತೇಪೆ ಹಾಕಲಾಗುವುದಿಲ್ಲ. ಇಡೀ ಬಾಗಿಲನ್ನೇ ಬೋಳಿಸಿ ಹೊಸದಾಗಿ ಹೊಡೆಯಬೇಕು. ಹೊಡೆದದ್ದು ಅಕ್ಕಪಕ್ಕದ ಭಾಗದೊಂದಿಗೆ ಕೂಡಿಕೊಳ್ಳಬೇಕು. ಅದರಲ್ಲೂ ವರ್ಲನ್‌ನ ಬಣ್ಣಕ್ಕೆ ಊರೂರಲ್ಲಿ ಹೆಸರು. ಅವನ ಬಣ್ಣ ಅಲುಗಾಡುತ್ತದೆ ಎನ್ನುತ್ತಾರೆ. ಬಿಸಿಲಲ್ಲಿ ಕಾರಿನ ಪಕ್ಕ ನಡೆದುಹೋದರೆ ಒಳಗೆ ಏನೋ ಮೆಲ್ಲಗೆ ತುಳುಕಿದಂತೆ ಕಾಣುತ್ತದೆ. ಡಬ್ಬಿಯಲ್ಲಿ ಅದೇನು ಬೆರೆಸುತ್ತಾನೋ ಎಂದು ಕೇಳದವರಿಲ್ಲ. ಅವನು ಮುಗುಳ್ನಕ್ಕು ಸುಮ್ಮನಾಗುತ್ತಿದ್ದ. ನಿಜ ಹೇಳಬೇಕೆಂದರೆ, ಅಂಗಡಿಯಿಂದ ತಂದದ್ದನ್ನೇ ಬೆರೆಸುತ್ತಿದ್ದ ಅವನಿಗೂ ಅದು ಹೇಗೆ ಬರುತ್ತದೆಂದು ಗೊತ್ತಿರಲಿಲ್ಲ.

"ನಾನ್ ಹೊಡೀತೀನಿ," ಎಂದಳು ರೇಲೀನ್.

ವರ್ಲನ್ ಗೀರಿನ ಮೇಲೆಯೇ ಕಣ್ಣು ನೆಟ್ಟ. ಅವನ ತಲೆಯಲ್ಲಿ ಏನು ಓಡುತ್ತಿದೆಯೆಂದು ಅವಳಿಗೆ ಗೊತ್ತಿತ್ತು. ಪಕ್ಕದ ಟೈರ್ ಅಂಗಡಿಯ ಲೋವೆಲ್ ಈ ಜಾಗದ ಮೇಲೆ ಬಹಳ ದಿನದಿಂದ ಕಣ್ಣಿಟ್ಟಿದ್ದ. ಕೈ ಮುರಿದ ಮೇಲೆ ವರ್ಲನ್ ಅವನಿಗೆ ಶೆಡ್ಡು ಮಾರುವ ಬಗ್ಗೆ ಸೋಮವಾರ ಉತ್ತರ ಹೇಳುವುದಾಗಿ ಮಾತು ಕೊಟ್ಟಿದ್ದ. ಮಗಳಿಗೆ ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದ್ದ, "ಬಣ್ಣ ಹೊಡಿಯೋರಿಲ್ದಿರೋ ಪೇಂಟ್ ಶೆಡ್ಡು ಇಟ್ಕೊಂಡು ನಾನೇನು ಕೋಳಿ ಸಾಕ್ಲಾ?" ಆ ಮಾತು ರೇಲೀನಳಿಗೆ ನಾಟಿ, ಅವಳು ಅಂದಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ.

"ಈ ಬಾಗಿಲು ಕೂಡಿಕೊಂಡ್ರೆ ಲೋವೆಲ್‌ಗೆ ಆಗಲ್ಲ ಅಂತ ಹೇಳ್ತೀಯಾ?" ಎಂದು ನೇರವಾಗಿಯೇ ಕೇಳಿದಳು.

"ಮೊದ್ಲು ಕೂಡಿಕೊಳ್ಳಲಿ," ಎಂದ ಅಪ್ಪ.

ಗುರುವಾರ ಇಡೀ ದಿನ ಅವಳು ಬಾಗಿಲು ಬೋಳಿಸಿ, ಚಿನ್ನದ ತಳಬಣ್ಣ ಕೂರಿಸಿ, ಜೇನುಬಣ್ಣ ಹೊಡೆದಳು. ಪೇಂಟ್ ಕೋಣೆಯ ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ವರ್ಲನ್ ಹೊರಗಿನಿಂದ ಕಿರುಚುತ್ತಲೇ ಇದ್ದ. ಥಿನ್ನರ್ ಜಾಸ್ತಿ ಹಾಕು. ಗಾಳಿ ಇಳಿಸು. ದೂರ ಹಿಡಿ, ಅಷ್ಟಲ್ಲ, ಹತ್ತಿರ. ಅವಳು ಬಾಗಿಲ ಮುಂದೆ ಎರಡೂ ಕಾಲು ಊರಿ ನಿಂತು, ಉಸಿರು ಬಿಗಿಹಿಡಿದು, ಕೈಯನ್ನು ಎಡದಿಂದ ಬಲಕ್ಕೆ ಒಂದೇ ಸಮ ಆಡಿಸಿದಳು. ಒಂದು ಹನಿ ಜಾರಲಿಲ್ಲ, ಒಂದು ಧೂಳಿನ ಕಣ ಕೂರಲಿಲ್ಲ. ಯಾರೇ ಆಗಲಿ ಶಹಬ್ಬಾಸ್ ಅನ್ನಬೇಕಾದ ಕೆಲಸ.

ಕಾರನ್ನು ಬೆಳಕಿಗೆ ತಂದಾಗ ಮೂವರ ಮುಖವೂ ಇಳಿಯಿತು. ಬಣ್ಣ ಅದೇ. ಗಾಢವೂ ಅಷ್ಟೇ. ಆದರೆ ಮುಂದಿನ ಭಾಗ ತುಳುಕುತ್ತದೆ, ಹಿಂದಿನ ಭಾಗ ತುಳುಕುತ್ತದೆ, ನಡುವೆ ಬಾಗಿಲು ಮಾತ್ರ ಯಾರದೋ ಮನೆಯ ಪಾತ್ರೆಗೆ ಇನ್ಯಾರದೋ ಮನೆಯ ಮುಚ್ಚಳ ಮುಚ್ಚಿದ ಹಾಗೆ ಕೂತಿದೆ.

"ಬಣ್ಣ ಸರಿಯಾಗಿದೆ, ಜೀವ ಇಲ್ಲ," ಎಂದ ವರ್ಲನ್.

"ಜೀವ ಎಷ್ಟು ಚಮಚ ಹಾಕ್ಬೇಕು ಅಂತ ಹೇಳಪ್ಪ, ಹಾಕ್ತೀನಿ!" ರೇಲೀನ್ ಗನ್ನನ್ನು ಮೇಜಿನ ಮೇಲೆ ಕುಕ್ಕಿದಳು.

"ಕೈಯಲ್ಲಿ ಬರ್ಬೇಕು ಅದು."

"ಯಾರ ಕೈಯಲ್ಲಿ? ಪ್ಲಾಸ್ಟರ್ ಕೈಯಲ್ಲಾ?"

"ಅಪ್ಪ ಮಗಳು ಜಗಳ ಆಡ್ಬೇಡ್ರಪ್ಪ," ಎಂದು ನಡುವೆ ಬಂದ ಆರ್ವಲ್. "ತಪ್ಪು ಮಾಡಿದ್ದು ನನ್ ಹೊಟ್ಟೆ. ಬೈಯೋದಾದ್ರೆ ಅದನ್ನ ಬೈಯಿರಿ." ಅವನನ್ನು ಯಾರೂ ಬೈಯಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

ಶುಕ್ರವಾರ ಬೆಳಗಾದರೆ ಹೊರಗೆ ಮಂಜು. ಚಳಿಗಾಲದಲ್ಲಿ ಈ ಬಯಲಿನ ಮೇಲೆ ಕೂರುವ ಮಂಜಿಗೆ ಹೊತ್ತುಗೊತ್ತಿಲ್ಲ. ಎದುರಿನ ಹೋಟೆಲಿನ ದೀಪದ ಫಲಕವೂ ಕಾಣುತ್ತಿರಲಿಲ್ಲ. ಗಾಳಿಯಲ್ಲಿ ಅಷ್ಟು ತೇವವಿದ್ದಾಗ ಬಣ್ಣ ಹೊಡೆದರೆ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಬಾಗಿಲನ್ನು ಮತ್ತೆ ಬೋಳಿಸಿ, ಚಿನ್ನ ಬಳಿದು, ಉಳಿದ ಕಾರಿಗೆಲ್ಲ ಕಾಗದ ಹೊದಿಸಿ ರೇಲೀನ್ ಸಿದ್ಧವಾಗಿದ್ದಳು. ಮಂಜು ಏಳುವವರೆಗೆ ಕಾಯದೆ ಬೇರೆ ದಾರಿಯಿರಲಿಲ್ಲ. ಕಾಯುವುದೊಂದು ಆ ಮನೆತನದವರಿಗೆ ಬಾರದ ವಿದ್ಯೆ. ಅವಳು ಕಾಫಿ ಬಗ್ಗಿಸಿಕೊಂಡಳು, ಕುಡಿಯಲಿಲ್ಲ. ಗನ್ನಿನ ಮೂತಿ ಬಿಚ್ಚಿ ತೊಳೆದಳು, ಕೂರಿಸಿದಳು, ಮತ್ತೆ ಬಿಚ್ಚಿದಳು. ಬಾಗಿಲಿಗೆ ಹೋಗಿ ಆಕಾಶ ನೋಡಿದಳು, ಬಂದಳು, ಮತ್ತೆ ಹೋದಳು. ಆರ್ವಲ್ ಹಲ್ಲಿನಲ್ಲಿ ಉಗುರು ಕಡಿಯುತ್ತ ಕೂತಿದ್ದ. ಪೇಂಟ್ ಕೋಣೆಯ ಗೋಡೆಯಾಚೆ ವರ್ಲನ್ ಅತ್ತಿಂದಿತ್ತ ತಿರುಗುತ್ತಲೇ ಇದ್ದ.

ಟಕ್, ಸರ್ರ್. ಟಕ್, ಸರ್ರ್.

ಹುಟ್ಟಿದಾಗಿನಿಂದ ಕೇಳಿದ ಸದ್ದು. ಬಲಗಾಲು ಊರುತ್ತದೆ, ಎಡಗಾಲು ಎಳೆಯುತ್ತದೆ. ಪ್ರಾಯದಲ್ಲಿ ಒಣಕೆರೆಯ ಬಯಲಲ್ಲಿ ಕಾರು ಓಡಿಸಲು ಹೋಗಿ ಮಗುಚಿಕೊಂಡು ಮಂಡಿ ಮುರಿದದ್ದು. ಆ ಮಂಡಿಯ ಮಾತನ್ನು ಮನೆಯಲ್ಲಿ ಯಾರೂ ಎತ್ತುವಂತಿಲ್ಲ. ಎತ್ತಬೇಡಿ ಎಂದು ಅವನು ಹೇಳಿದ್ದಲ್ಲ. ಎತ್ತದಂತೆ ಆದದ್ದು ರೇಲೀನಳಿಂದಲೇ.

ಅವಳಾಗ ಆರೇಳು ವರ್ಷದವಳು. ಭಾನುವಾರದ ಊಟಕ್ಕೆ ನೆಂಟರು ಸೇರಿದ್ದರು. ಅವಳು ಅಪ್ಪನ ಬೂಟು ತೊಟ್ಟುಕೊಂಡು, ಎಡಗಾಲು ಎಳೆಯುತ್ತ, ಸೊಂಟದ ಮೇಲೆ ಕೈಯಿಟ್ಟು ಮೇಜನ್ನು ಸುತ್ತಿದಳು. ಥೇಟ್ ವರ್ಲನ್! ಚಿಕ್ಕಪ್ಪಂದಿರು ಹೊಟ್ಟೆ ಹಿಡಿದು ನಕ್ಕರು, ಅಮ್ಮನೂ ನಕ್ಕಳು. ಅಡುಗೆಮನೆಯ ಬಾಗಿಲಲ್ಲಿ ಅವರೆಕಾಳಿನ ಬೋಗುಣಿ ಹಿಡಿದು ನಿಂತಿದ್ದ ಅಪ್ಪನನ್ನು ಯಾರೂ ನೋಡಿರಲಿಲ್ಲ. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಬೋಗುಣಿ ಇಟ್ಟು ತಾನೂ ಒಂದಿಷ್ಟು ನಕ್ಕ. ಆದರೆ ಅಂದಿನಿಂದ ಅವನು ಯಾರ ಮುಂದೆಯೂ ನಡೆದವನಲ್ಲ. ಬೀದಿಯಲ್ಲಿ, ಅಂಗಡಿಯಲ್ಲಿ, ಹೆಂಡತಿಯನ್ನು ಮಣ್ಣುಮಾಡುವ ದಿನ ಕೂಡ, "ನೀವು ನಡೀರಿ" ಎಂದು ಎಲ್ಲರನ್ನೂ ಮುಂದೆ ಬಿಟ್ಟು ತಾನು ಕೊನೆಯಲ್ಲಿ ಬರುತ್ತಿದ್ದ. ಅವನು ನಡೆಯುವುದನ್ನು ಹಿಂದಿನಿಂದ ನೋಡುವ ಅವಕಾಶ ರೇಲೀನಳಿಗೆ ಮತ್ತೆ ಸಿಗಲೇ ಇಲ್ಲ. ನೆನೆದಾಗಲೆಲ್ಲ ಅವಳ ಕಿವಿ ಇಂದಿಗೂ ಬಿಸಿಯಾಗುತ್ತದೆ.

ಟಕ್, ಸರ್ರ್.

ಕೈಗೆ ಏನಾದರೂ ಕೆಲಸ ಬೇಕಾಗಿ ಅವಳು ಪೊರಕೆ ಹಿಡಿದು ಪೇಂಟ್ ಕೋಣೆಯ ನೆಲ ಗುಡಿಸತೊಡಗಿದಳು. ಕಾರಿನ ಉದ್ದಕ್ಕೂ ನೆಲದ ಸಿಮೆಂಟು ಅಲ್ಲಲ್ಲಿ ಸವೆದಿತ್ತು. ಎಷ್ಟೋ ವರ್ಷದಿಂದ ಗುಡಿಸಿದ ನೆಲ; ಹಳೆಯ ನೆಲ ಸವೆಯದೆ ಇರುತ್ತದೆಯೇ ಎಂದುಕೊಂಡಿದ್ದಳು. ಹೊರಗೆ ಕಾಲು ಎಳೆಯುವ ಸದ್ದು, ಕೈಯಲ್ಲಿ ಪೊರಕೆ, ಕಣ್ಣೆದುರು ಆ ಕಲೆಗಳು. ಪೊರಕೆ ನಿಂತಿತು. ಕಲೆಗಳ ನಡುವಿನ ಅಂತರ ಒಂದೇ ಸಮ ಇತ್ತು. ಒಂದೊಂದೂ ಗೇಣುದ್ದ, ಒಂದೇ ಕಡೆಗೆ ಎಳೆದಂತೆ.

ವರ್ಲನ್ ಬಣ್ಣ ಹೊಡೆಯುವಾಗ ನಿಲ್ಲುವವನಲ್ಲ. ಪ್ರತಿ ಕಾರನ್ನೂ ನೆಲದ ಮೇಲಿನ ಅದೇ ಗುರುತಿಗೆ ನಿಲ್ಲಿಸಿ, ಮೂತಿಯಿಂದ ಬಾಲದವರೆಗೆ ಒಂದೇ ನಡಿಗೆಯಲ್ಲಿ ಹೊಡೆದುಕೊಂಡು ಹೋಗುತ್ತಾನೆ. ಅವಳು ಓಡಿಹೋಗಿ ಕಾರಿನ ಆಚೆ ಬದಿಯ ಕಾಗದವನ್ನು ಮೇಲೆತ್ತಿ, ಕೈದೀಪ ಹಿಡಿದು, ಕೆನ್ನೆಯನ್ನು ತಗಡಿನ ಹತ್ತಿರ ತಂದು ಓರೆಯಾಗಿ ನೋಡಿದಳು. ತಿಳಿ, ಗಾಢ. ತಿಳಿ, ಗಾಢ. ಕಣ್ಣಿಗೆ ಕಂಡೂ ಕಾಣದಷ್ಟು ಮೆಲುವಾದ ಅಲೆ. ಪ್ರತಿ ಗಾಢ ಅಲೆಯ ನೇರಕ್ಕೆ ಕೆಳಗೆ ನೆಲದಲ್ಲಿ ಒಂದು ಸವೆದ ಕಲೆ. ಎಡಗಾಲು ಎಳೆದು ಮುಂದಿಡುವ ಆ ಚಣ ಕೈ ಒಂದು ಕೂದಲೆಳೆಯಷ್ಟು ತಡವಾಗುತ್ತದೆ, ಅಲ್ಲಿ ಬಣ್ಣ ಒಂದಿಷ್ಟು ಹೆಚ್ಚು ಕೂರುತ್ತದೆ. ಊರೆಲ್ಲ ಡಬ್ಬಿಯಲ್ಲಿ ಹುಡುಕಿದ ಗುಟ್ಟು ಇದು.

ರೇಲೀನ್ ನೆಲದ ಮೇಲೆ ಕೂತುಬಿಟ್ಟಳು. ಏನು ಮಾಡಬೇಕೆಂದು ಗೊತ್ತಾಯಿತು. ಆ ನಡಿಗೆ ಅವಳ ಕಾಲಿಗೆ ಬರುತ್ತದೆ. ಈ ಲೋಕದಲ್ಲಿ ಅದು ಬರುವುದು ಅವಳೊಬ್ಬಳಿಗೇ. ಆದರೆ ಕಿಟಕಿಯ ಗಾಜಿಗೆ ಮೂಗು ಒತ್ತಿ ಅಪ್ಪ ನೋಡುತ್ತಿರುವಾಗ ಅವನ ಕುಂಟನ್ನು ಎರಡನೆಯ ಸಲ ಆಡಿ ತೋರಿಸುವುದು ಹೇಗೆ? ಮೊದಲೇ ಹೇಳಿಬಿಟ್ಟರೆ? ಹೇಳಲು ಬಾಯಿ ಬರುವಂತಿದ್ದರೆ ಇಷ್ಟು ವರ್ಷದಲ್ಲಿ ಬಂದಿರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮಂಜು ಹರಿದು, ಎದುರಿನ ಹೋಟೆಲಿನ ಫಲಕ ಕಂಡಿತು. ಅವಳು ಆರ್ವಲ್‌ನನ್ನು ಮೂಲೆಗೆ ಕರೆದಳು.

"ಆರ್ವಲ್ ಅಂಕಲ್, ಅಪ್ಪನ್ನ ಎದುರುಗಡೆ ಊಟಕ್ಕೆ ಕರ್ಕೊಂಡ್ ಹೋಗಿ. ನಾನ್ ಬಂದು ಕರಿಯೋವರ್ಗೂ ಬಿಡ್ಬೇಡಿ."

"ಅವನು ಬರ್ತಾನಾ? ಕಟ್ಟಿ ಎಳ್ಕೊಂಡ್ ಹೋಗ್ಬೇಕು."

"ಎಳ್ಕೊಂಡೇ ಹೋಗಿ. ಅವರು ಕಿರುಚ್ತಾ ನಿಂತ್ರೆ ನನ್ ಕೈ ನಡುಗುತ್ತೆ."

ಅರ್ಧ ಸುಳ್ಳು, ಅರ್ಧ ನಿಜ. ಆರ್ವಲ್ ಅದೇನು ಹೇಳಿ ಹೊರಡಿಸಿದನೋ, ಇಬ್ಬರೂ ರಸ್ತೆ ದಾಟಿದರು. ಆರ್ವಲ್ ಮುಂದೆ, ವರ್ಲನ್ ಹಿಂದೆ.

ಅವಳು ಅಪ್ಪನ ಹಳೆಯ ಬೂಟನ್ನು ಗೂಟದಿಂದ ಇಳಿಸಿ ಹಾಕಿಕೊಂಡಳು. ದೊಡ್ಡದಾಯಿತು, ಒಳಗೆ ಚಿಂದಿ ತುರುಕಿದಳು. ಮೂತಿಯ ಹತ್ತಿರ ಮೊದಲ ಕಲೆಯ ಮೇಲೆ ನಿಂತು, ಮುಖಕ್ಕೆ ಬಟ್ಟೆ ಕಟ್ಟಿ, ಗನ್ನು ಎತ್ತಿದಳು. ಮೊದಲೆರಡು ಹೆಜ್ಜೆ ನಾಚಿಕೆಯಿಂದ ಕಾಲು ಬರಲಿಲ್ಲ. ಮೂರನೆಯದಕ್ಕೆ ದೇಹ ತಾನೇ ನೆನಪು ಮಾಡಿಕೊಂಡಿತು. ಟಕ್, ಸರ್ರ್. ಕಾಗದ ಹೊದಿಸಿದ ಮುಂಭಾಗವನ್ನು ದಾಟಿ, ಬಾಗಿಲನ್ನು ದಾಟಿ, ಬಾಲದವರೆಗೆ. ಮತ್ತೆ ಮೂತಿಗೆ. ಒಂದು ಪದರ, ಅದು ಆರುವವರೆಗೆ ಕಾದು ಇನ್ನೊಂದು.

ಸಮಾಧಾನವಾಗಿ ಕೂತು ಊಟ ಮಾಡುವ ಜಾತಿಯವನೇ ವರ್ಲನ್? ಮುಂದಿನ ಪದರಕ್ಕೆ ಅವಳು ಮೂತಿಯಿಂದ ಹೊರಟಿದ್ದಳಷ್ಟೇ, ಕಿಟಕಿಯಲ್ಲಿ ನೆರಳು ಬಿತ್ತು. ಅವಳು ತಿರುಗಲಿಲ್ಲ. ತಿರುಗಿದರೆ ಕೈ ತಪ್ಪುತ್ತದೆ. ಒಂದು ಹೆಜ್ಜೆ, ಎರಡು ಹೆಜ್ಜೆ. ಗಾಜಿನ ಮೇಲೆ ಪ್ಲಾಸ್ಟರ್ ಕೈ ಬಡಿಯಿತು.

"ನಿಲ್ಸು!"

ನಡುವೆ ನಿಂತರೆ ಅಲ್ಲಿ ಗಂಟು ಕೂರುತ್ತದೆ, ಬಾಗಿಲು ಹಾಳು. ಅದು ಅವನೇ ಕಲಿಸಿದ್ದು.

"ರೇಲೀನ್! ನಿಲ್ಸು ಅಂದೆ!" ಅವನ ದನಿ ಒಡೆದಿತ್ತು. ಅದು ಬೈಗುಳದ ದನಿಯಲ್ಲ, ಪೆಟ್ಟು ತಿಂದವನ ದನಿ.

ಅವಳ ಕಣ್ಣು ಮಂಜಾಯಿತು. ಆದರೂ ಕಾಲು ಎಳೆದಳು, ಊರಿದಳು, ಎಳೆದಳು. ಬಾಲ ಮುಟ್ಟಿ ಗನ್ನು ನಿಲ್ಲಿಸಿ ನೋಡಿದಾಗ ಅಪ್ಪ ಗಾಜಿಗೆ ಹಣೆಯಿಟ್ಟು ನಿಂತಿದ್ದ. ಆರ್ವಲ್ ಅವನ ತೋಳು ಹಿಡಿದುಕೊಂಡಿದ್ದ. ಅವಳು ಪೊರಕೆ ತೆಗೆದುಕೊಂಡು ಅದರ ಹಿಡಿಯಿಂದ ನೆಲದ ಕಲೆಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದಳು. ಆಮೇಲೆ ಮೂತಿಗೆ ಹೋಗಿ ಮತ್ತೆ ಹೊರಟಳು. ಉಳಿದ ಪದರಗಳಷ್ಟಕ್ಕೂ ಕಿಟಕಿಯಿಂದ ಯಾವ ಕಿರುಚಾಟವೂ ಬರಲಿಲ್ಲ.

ಬಿಸಿಲು ಇನ್ನೂ ಇರುವಾಗಲೇ ಕಾಗದ ಕಿತ್ತು, ಕಾರನ್ನು ತಳ್ಳಿ ಅಂಗಳಕ್ಕೆ ತಂದರು. ಆರ್ವಲ್ ಈ ಸಲ ಬೆಲ್ಟನ್ನೇ ಬಿಚ್ಚಿಟ್ಟು ಬಂದಿದ್ದ. ಒಂದು ಕೈಯಲ್ಲಿ ಕಾರು, ಇನ್ನೊಂದು ಕೈಯಲ್ಲಿ ಪ್ಯಾಂಟು. ಬೆಳಕು ಮೂತಿಯ ಮೇಲೆ ಬಿದ್ದು ಹಿಂದಕ್ಕೆ ಹರಿಯಿತು. ಮುಂದಿನ ಭಾಗ ತುಳುಕಿತು, ಬಾಗಿಲು ತುಳುಕಿತು, ಹಿಂದಿನ ಗೂಡು ತುಳುಕಿತು. ಬಾಗಿಲು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಬಣ್ಣ ನೋಡಿ ಹೇಳುವಂತಿರಲಿಲ್ಲ.

"ಅಂದ್ರೆ ಇಷ್ಟು ವರ್ಷ ನಿನ್ ಗುಟ್ಟು ಡಬ್ಬೀಲಿ ಇರ್ಲಿಲ್ಲ ಕಣೋ, ಮಂಡೀಲಿತ್ತು!" ಎಂದ ಆರ್ವಲ್. ಹೇಳಿದ ಮೇಲೆ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡ. ಪ್ಯಾಂಟು ಜಾರಿತು, ಹಿಡಿದುಕೊಂಡ.

ವರ್ಲನ್ ನಗಲಿಲ್ಲ. ಕಾರಿನ ಪಕ್ಕ ಮೂತಿಯಿಂದ ಬಾಲದವರೆಗೆ ನಡೆದ, ತನ್ನ ಕಾಲನ್ನೇ ಮೊದಲ ಸಲ ನೋಡುವವನಂತೆ ತಲೆ ತಗ್ಗಿಸಿಕೊಂಡು. ಮತ್ತೆ ಬಾಗಿಲ ಹತ್ತಿರ ಬಂದು ನಿಂತ. ರೇಲೀನ್ ಒಂದು ಹೆಜ್ಜೆ ಹತ್ತಿರ ಬಂದಳು.

"ಅಪ್ಪಾ, ಆವತ್ತು ನಾನು..."

"ಜಾಸ್ತಿ ಎಳ್ದೆ," ಎಂದ ಅವನು.

"ಏನು?"

"ಕಾಲು. ಕೊನೇ ಎರಡು ಪದರದಲ್ಲಿ ಜಾಸ್ತಿ ಎಳ್ದೆ. ನಾನು ಅಷ್ಟೊಂದೇನ್ ಕುಂಟಲ್ಲ." ಬಾಗಿಲಿನ ಕೆಳ ಅಂಚನ್ನು ಮುಟ್ಟದೆಯೇ ಬೆರಳಲ್ಲಿ ತೋರಿಸಿದ. "ಇಲ್ಲಿ ಸ್ವಲ್ಪ ಗಾಢ ಆಗಿದೆ. ನಿನ್ ನೊಣಗಳನ್ನ ಇದರ ಮೇಲೇ ಕೂರ್ಸು, ಕಾಣಲ್ಲ."

"ನೊಣ ಅಲ್ಲ, ಜೇನು," ಎಂದಳು ರೇಲೀನ್. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. "ಸೋಮವಾರ ಲೋವೆಲ್ ಬರ್ತಾನಲ್ಲ?"

"ಬರ್ಲಿ. ಬಕಲ್ ತಿರುಗಿಸ್ಕೊಂಡು ಒಳಗೆ ಬಾ ಅಂತ ನೀನೇ ಹೇಳು. ಏನ್ ಉತ್ತರ ಕೊಡ್ಬೇಕೋ ಅದನ್ನೂ ನೀನೇ ಕೊಡು." ಅವನು ರಸ್ತೆಯಾಚೆ ನೋಡಿದ. "ನಡಿ, ಮೊದ್ಲು ಏನಾದ್ರೂ ತಿನ್ನು. ಆಮೇಲೆ ಚಿತ್ರ ಬರಿ. ಇವನು ನನ್ ತಟ್ಟೇನೂ ಖಾಲಿ ಮಾಡಿದಾನೆ."

"ನೀನೇ ಅರ್ಧಕ್ಕೆ ಎದ್ದು ಓಡಿದ್ಯಲ್ಲಪ್ಪ!" ಎಂದ ಆರ್ವಲ್.

ರೇಲೀನ್ ರೂಢಿಯಂತೆ ಅಂಗಳದ ಬೇಲಿಯ ಬಾಗಿಲು ತೆಗೆದು, ಮೊದಲು ಹೊರಗೆ ಕಾಲಿಡಲು ಹೋದಳು. ಅಪ್ಪ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಅವಳನ್ನು ದಾಟಿ ಮುಂದೆ ಹೋದ. ಟಕ್, ಸರ್ರ್. ಟಕ್, ಸರ್ರ್. ಹಿಂದಿರುಗಿ ನೋಡದೆ ರಸ್ತೆಗಿಳಿದ. ಅವಳು ಇನ್ನೂ ಅವನ ಬೂಟಿನಲ್ಲೇ ಇದ್ದಳು. ಹೆಜ್ಜೆ ಸಣ್ಣದು ಮಾಡಿಕೊಂಡು ಅವನ ಹಿಂದೆಯೇ ನಡೆದಳು.